ಮಳೆಗೆ ವಿಮೆ ಇಳಿಸಿದ ಕತೆ

ಅರಸೀಕೆರೆ ಕಡೆಯ ರಾಗಿ ಬೆಳೆಗಾರರು ಕೆಟ್ಟ ವರ್ಷಕ್ಕೆಂದು ಕಾಳು ಕಾದಿಡುತ್ತಿದ್ದುದು ಹಗೇವಿನಲ್ಲಿ. ಗಟ್ಟಿ ನೆಲ ನೋಡಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಆಳದ ಗುಂಡಿ ತೋಡುತ್ತಿದ್ದರು. ಸುತ್ತಲೂ ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ತೆರೆಯುವ ದಿನ ಯಾರೂ ಒಮ್ಮೆಲೇ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ಮನೆಯವರನ್ನು ಸಾಕುತ್ತಿತ್ತು. ಮರುವರ್ಷವೂ ಕೈಕೊಟ್ಟರೆ ಅದರ ತಳ ಕಾಣುತ್ತಿತ್ತು.

1876ರಲ್ಲಿ, ಧಾತು ಸಂವತ್ಸರದಲ್ಲಿ, ತಳ ಕಂಡಿತು. ಹಿಂದಿನ ವರ್ಷವೇ ಮಳೆ ಸಾಲದೆ ಹೋಗಿತ್ತು. ಆ ವರ್ಷ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಮರುವರ್ಷದ ಈಶ್ವರ ಸಂವತ್ಸರ ಮುಗಿಯುವ ಹೊತ್ತಿಗೆ ಮೈಸೂರು ಸೀಮೆ ಗುರುತು ಸಿಗದಂತಾಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ನಡುವೆ ಹುಟ್ಟಿದ ಕೂಸುಗಳನ್ನೂ ಲೆಕ್ಕ ಹಿಡಿದರೆ ಸತ್ತವರು 10 ಲಕ್ಷದ ಆಸುಪಾಸು. ಹಳೇ ಮೈಸೂರಿನ ಮನೆಗಳಲ್ಲಿ ಎರಡು ಮೂರು ತಲೆಮಾರು ಕಳೆದ ಮೇಲೂ ಹಿರಿಯರು ‘ಧಾತು ಈಶ್ವರದ ಬರ’ ಎಂದರೆ ಮಾತು ತಗ್ಗಿಸುತ್ತಿದ್ದರು.

ಬರದ ಬೆನ್ನಿಗೇ ಸರ್ಕಾರ ಎಚ್ಚೆತ್ತಿತು. ಕಾಳು ಬೇಗ ಸಾಗಲೆಂದು ರೈಲು ಹಾಕಿಸಿತು. ಬೆಂಗಳೂರಿನಿಂದ ತಿಪಟೂರು, ಅರಸೀಕೆರೆ ಹಾದು ಹರಿಹರದವರೆಗಿನ ಹಳಿ 1889ರಲ್ಲಿ ಪೂರ್ತಿಯಾಯಿತು. ಕೆರೆಗಳ ಏರಿ ಭದ್ರವಾದವು. ಇನ್ನೊಮ್ಮೆ ಮಳೆ ಹೋದರೆ ಜನ ಹಸಿವಿನಿಂದ ಸಾಯದಂತೆ ನೋಡಿಕೊಳ್ಳುವ ದಾರಿ ಹೀಗೆ ಸಿಕ್ಕಿತು. ಆದರೆ ರೈತ ಎತ್ತು ಮಾರಿ, ಬಿತ್ತನೆ ಬೀಜ ತಿಂದು, ಸಾಹುಕಾರನ ಹತ್ತಿರ ಹೆಬ್ಬೆಟ್ಟು ಒತ್ತಿದ ಮೇಲೆ ಮತ್ತೆ ಎದ್ದು ನಿಲ್ಲುವುದು ಹೇಗೆ? ಈ ಪ್ರಶ್ನೆ ಮುಂದಿನ ನಲವತ್ತು ವರ್ಷ ಯಾವ ಕಚೇರಿಯ ಕಡತದಲ್ಲೂ ಉತ್ತರ ಕಾಣಲಿಲ್ಲ.

ವಿಮೆ ಎಂಬ ಉಪಾಯ ಆಗ ಹೊಸದಾಗಿರಲಿಲ್ಲ. ಹಡಗಿಗೆ ಇತ್ತು, ಬೆಂಕಿಗೆ ಇತ್ತು, ಜೀವಕ್ಕೆ ಇತ್ತು. ಮೈಸೂರು ಸರ್ಕಾರವೇ 1891ರಲ್ಲಿ ತನ್ನ ನೌಕರರಿಗೆ ಜೀವವಿಮೆ ಶುರುಮಾಡಿತ್ತು. ಹಡಗು ಮುಳುಗಿದರೆ ಮುಳುಗಿತು, ಮನೆ ಸುಟ್ಟರೆ ಸುಟ್ಟಿತು, ಮನುಷ್ಯ ಸತ್ತರೆ ಸತ್ತ. ಅಲ್ಲಿ ತಕರಾರಿಗೆ ಜಾಗ ಕಡಿಮೆ. ಬೆಳೆಯ ವಿಚಾರ ಹಾಗಿರಲಿಲ್ಲ. ಆಷಾಢದಲ್ಲಿ ಬಾಡಿ ನಿಂತ ರಾಗಿ ಶ್ರಾವಣದ ಒಂದು ಹದ ಮಳೆಗೆ ತಲೆ ಎತ್ತುತ್ತಿತ್ತು. ಹೊಲದ ಬದುವಿನ ಮೇಲೆ ನಿಂತು, ಬೆಳೆಯನ್ನು ಆಣೆ ಲೆಕ್ಕದಲ್ಲಿ ಅಂದಾಜಿಸುತ್ತ, ಶ್ಯಾನುಭೋಗ ‘ಎಂಟಾಣೆ ಬೆಳೆ’ ಅಂದರೆ ಪಟೇಲ ‘ಆರಾಣೆ’ ಅನ್ನುತ್ತಿದ್ದ, ಹೊಲದವನು ‘ನಾಕಾಣೆಯೂ ಇಲ್ಲ ಸ್ವಾಮಿ’ ಅನ್ನುತ್ತಿದ್ದ. ಬೆಳೆ ಹೋದದ್ದು ಮಳೆಯಿಂದಲೋ, ಗೊಬ್ಬರ ಹಾಕದೆಯೋ, ಎಡೆ ಹೊಡೆಯದೆಯೋ? ಇದನ್ನು ತೀರ್ಮಾನಿಸಲು ಹೊಲಕ್ಕೊಬ್ಬ ನೌಕರನನ್ನು ಕಳಿಸಿದರೆ ಅವನ ಸಂಬಳವೇ ಬೆಳೆಯ ಬೆಲೆ ಮೀರುತ್ತಿತ್ತು. ಕಳಿಸದಿದ್ದರೆ ವಿಮೆ ಇದೆಯೆಂಬ ಧೈರ್ಯದ ಮೇಲೆ ಕಳೆ ಕೀಳದೆ ಕೂತವನಿಗೂ ಬೆವರು ಸುರಿಸಿದವನಿಗೂ ಒಂದೇ ಲೆಕ್ಕ ಸಿಗುತ್ತಿತ್ತು.

ಅಮೆರಿಕದಲ್ಲಿ 1899ರಲ್ಲಿ ಮಿನಿಯಾಪೊಲಿಸ್‌ನ ಒಂದು ಕಂಪನಿ ಗೋಧಿ ಬೆಳೆಗೆ ಎಲ್ಲ ಬಗೆಯ ನಷ್ಟವನ್ನೂ ಸೇರಿಸಿ ವಿಮೆ ಮಾಡಲು ಹೊರಟಿತು. ಅದು ಬಾಳಲಿಲ್ಲ. ಅದರ ಹಿಂದೆ ಬಂದ ಖಾಸಗಿ ಪ್ರಯತ್ನಗಳೂ ಒಂದೊಂದಾಗಿ ಮುಳುಗಿದವು. ಎಡವಿದವರಿಗೆ ಅಡ್ಡ ನಿಂತ ಹೊಸ್ತಿಲುಗಳಲ್ಲಿ ಒಂದು ಇದು: ನಷ್ಟ ಎಷ್ಟೆಂದು ಹೇಳುವವರು ಯಾರು?

ಉತ್ತರದ ಸುಳಿವು ಮಾತ್ರ ಮೈಸೂರಿನ ತಾಲ್ಲೂಕು ಕಚೇರಿಗಳ ಅಂಗಳದಲ್ಲೇ ಇತ್ತು. ವಿಮೆಯ ಯೋಚನೆಯಿಂದ ಅದನ್ನು ಅಲ್ಲಿ ಇಟ್ಟವರು ಯಾರೂ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ 1890ರ ದಶಕದಲ್ಲಿ ಸಂಸ್ಥಾನದ ಹವಾಮಾನ ಇಲಾಖೆಯ ಹೊಣೆ ಹೊತ್ತು, ಊರೂರಿನ ಮಳೆ ಲೆಕ್ಕವನ್ನು ಒಂದು ಕ್ರಮಕ್ಕೆ ತಂದಿದ್ದರು. ಉಪಕರಣ ಬಲು ಸರಳ. ಐದಿಂಚು ಅಗಲದ ಬಾಯಿಯ ಒಂದು ಆಲಿಕೆ, ಅದರ ಕೆಳಗೊಂದು ಶೀಸೆ, ಎರಡನ್ನೂ ಹಿಡಿದ ಲೋಹದ ಡಬ್ಬಿ. ಬಾಯಿಯ ಅಂಚು ನೆಲದಿಂದ ಒಂದಡಿ ಮೇಲಿರಬೇಕು. ಹತ್ತಿರ ಮರವಿರಬಾರದು, ಗೋಡೆ ಇರಬಾರದು. ದಿನಾ ಬೆಳಿಗ್ಗೆ ನಿಗದಿಯಾದ ಹೊತ್ತಿಗೆ ಒಬ್ಬ ನೌಕರ ಶೀಸೆಯ ನೀರನ್ನು ಗೆರೆ ಕೊರೆದ ಗಾಜಿನ ಅಳತೆಗೆ ಸುರಿದು, ಇಂಚು ಸೆಂಟುಗಳ ಲೆಕ್ಕದಲ್ಲಿ ರಿಜಿಸ್ಟರಿಗೆ ಬರೆಯುತ್ತಿದ್ದ. ಮಳೆ ಬಾರದ ದಿನ ಸೊನ್ನೆ ಬರೆಯುತ್ತಿದ್ದ. ಜನವರಿ ತಿಂಗಳಿಡೀ ಸೊನ್ನೆಗಳೇ ಸಾಲುಗಟ್ಟಿದರೂ ಕೆಲಸ ನಿಲ್ಲುತ್ತಿರಲಿಲ್ಲ. ಹೆಸರಿಲ್ಲದ ಈ ಗುಮಾಸ್ತರು ತಮಗೇ ತಿಳಿಯದೆ ಒಂದು ದೊಡ್ಡ ಯೋಚನೆಗೆ ತಳಪಾಯ ಹಾಕುತ್ತಿದ್ದರು. ಈ ಕತೆಯಲ್ಲಿ ಅವರ ಪಾಲು ಚಿಕ್ಕದೆನ್ನಲಾಗದು.

1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಮರುವರ್ಷ ವಿಶ್ವೇಶ್ವರಯ್ಯ ದಿವಾನರಾದರು. ಬ್ಯಾಂಕು, ವಿಶ್ವವಿದ್ಯಾಲಯ, ಸಾಬೂನು, ರೇಷ್ಮೆ ಎಂದು ಹೊಸ ಯೋಜನೆಗಳು ಕಾಗದದಿಂದ ನೆಲಕ್ಕೆ ಇಳಿಯುತ್ತಿದ್ದ ಕಾಲ ಅದು. ಆ ಹುರುಪಿನ ನಡುವೆ ಮೈಸೂರಿನ ಜೆ.ಎಸ್. ಚಕ್ರವರ್ತಿ ಹಳೆಯ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಹಿಂದೆ ಎಲ್ಲ ಬಗೆಯ ನಷ್ಟಕ್ಕೂ ಬೆಳೆ ವಿಮೆ ಮಾಡಹೊರಟವರು ಹೊಲದೊಳಗೆ ಇಳಿದು ಸೋತಿದ್ದರು. ಚಕ್ರವರ್ತಿ ಹೊಲದಿಂದ ಹೊರಗೆ ಬಂದರು. ಬೆಳೆಯ ನಷ್ಟವನ್ನು ಅಳೆಯುವ ಗೊಡವೆಯೇ ಬೇಡ, ನಷ್ಟಕ್ಕೆ ಕಾರಣವಾದ ಮಳೆಯನ್ನೇ ಅಳೆಯೋಣ. ಇಷ್ಟು ಇಂಚಿಗಿಂತ ಕಡಿಮೆ ಬಿದ್ದರೆ ಆ ಮಳೆಮಾಪಕದ ವ್ಯಾಪ್ತಿಗೆ ಸೇರಿದ ಎಲ್ಲ ವಿಮೆದಾರರಿಗೂ ಪರಿಹಾರ. ಯಾರ ಹೊಲವನ್ನೂ ನೋಡುವುದು ಬೇಡ, ಯಾರ ಮಾತನ್ನೂ ಕೇಳುವುದು ಬೇಡ.

ಕೇಳಿದರೆ ಹುಡುಗಾಟದಷ್ಟು ಸುಲಭ. ಆದರೆ ಹಿಂದಿನವರು ಹಿಡಿದ ದಾರಿ ಇದಾಗಿರಲಿಲ್ಲ. ಶ್ಯಾನುಭೋಗನನ್ನು ಒಲಿಸಿಕೊಳ್ಳಬಹುದು, ಮಳೆಯನ್ನು ಒಲಿಸಿಕೊಳ್ಳಲಾಗದು. ಸೋಮಾರಿಗೂ ದುಡಿಯುವವನಿಗೂ ಮಳೆ ಒಂದೇ. ಹಾಗಾಗಿ ವಿಮೆ ಇದೆಯೆಂದು ಕಳೆ ಕೀಳುವುದನ್ನು ಬಿಟ್ಟವನು ತನ್ನ ಬೆಳೆಯನ್ನು ತಾನೇ ಕಳೆದುಕೊಳ್ಳುತ್ತಿದ್ದ, ಅದರಿಂದ ಅವನಿಗೆ ಹೆಚ್ಚಿನ ಪರಿಹಾರವೇನೂ ದಕ್ಕುತ್ತಿರಲಿಲ್ಲ. ಜೀವವಿಮೆಯವರು ಮರಣದ ಪಟ್ಟಿ ನೋಡಿ ಕಂತು ಗೊತ್ತುಮಾಡುವ ಹಾಗೆ ಇಲ್ಲಿ ರಿಜಿಸ್ಟರಿನ ಹಳೆಯ ಪುಟಗಳನ್ನು ನೋಡಿ ಕಂತು ಗೊತ್ತುಮಾಡಬಹುದಿತ್ತು. ಸಾಲುಗಟ್ಟಿದ ಆ ಸೊನ್ನೆಗಳಿಗೆ ಬೆಲೆ ಬಂತು.

1915ರಲ್ಲಿ ಚಕ್ರವರ್ತಿ ತಮ್ಮ ಯೋಜನೆಯನ್ನು ಮುಂದಿಟ್ಟರು. ‘ಮೈಸೂರು ಎಕನಾಮಿಕ್ ಜರ್ನಲ್’ನಲ್ಲಿ ಲೇಖನದ ಮೇಲೆ ಲೇಖನ ಬರೆದರು. ಯೋಜನೆಯ ಕಷ್ಟ ಎಲ್ಲಿದೆಯೆಂದು ತಿಳಿಯಲು ಹಾಸನ ಜಿಲ್ಲೆಯೊಂದನ್ನೇ ನೋಡಿದರೆ ಸಾಕಿತ್ತು. ಪಶ್ಚಿಮದಲ್ಲಿ ಸಕಲೇಶಪುರದ ಮಲೆ ಮುಂಗಾರಿನಲ್ಲಿ ಮುಳುಗೇಳುತ್ತಿದ್ದರೆ ಪೂರ್ವದ ಅರಸೀಕೆರೆ ಬಯಲಿಗೆ ಅದರ ಅರ್ಧದಷ್ಟೂ ಮಳೆ ಬರುತ್ತಿರಲಿಲ್ಲ. ನಡುವಿನ ಬೇಲೂರು ತಾಲ್ಲೂಕು ಒಂದೇ ಮೈಯಲ್ಲಿ ಎರಡೂ ಆಗಿತ್ತು. ಅರೇಹಳ್ಳಿ, ಬಿಕ್ಕೋಡು ಕಡೆ ಕಾಫಿ ತೋಟದ ಜಡಿಮಳೆ, ಹಳೇಬೀಡಿನ ಕಡೆ ಮೋಡ ನೋಡುತ್ತಾ ಕೂರುವ ಹೊಲ. ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ. ಮಾತ್ರ. ಹೊಯ್ಸಳರ ರಾಜಧಾನಿ ಅಲ್ಲಿ ದೋರಸಮುದ್ರದ ದೊಡ್ಡ ಕೆರೆಯನ್ನು ನೆಚ್ಚಿ ನಿಂತಿದ್ದೇ ನೀರು ಸುಲಭಕ್ಕೆ ದಕ್ಕದ ಸೀಮೆ ಅದೆಂಬುದಕ್ಕೆ ಸಾಕ್ಷಿ. ಬೇಲೂರು ಕಚೇರಿಯ ಡಬ್ಬಿಯಲ್ಲಿ ಬಿದ್ದ ಮಳೆ ಹಳೇಬೀಡಿನ ರಾಗಿಯ ಕತೆ ಹೇಳುತ್ತದೆಯೇ? ಮಳೆ ಒಂದೇ ಹದದಲ್ಲಿ ಬೀಳುವ ಪ್ರದೇಶಗಳನ್ನು ಗುರುತಿಸಿ, ಅಂಥ ಒಂದೊಂದು ಪ್ರದೇಶವನ್ನೂ ಒಂದು ಘಟಕವಾಗಿ ಹಿಡಿಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಒಬ್ಬೊಬ್ಬ ರೈತನನ್ನು ಬಿಟ್ಟು ಇಡೀ ಪ್ರದೇಶವನ್ನೇ ಒಂದು ಎಂದು ಎಣಿಸುವ ಈ ಕ್ರಮ ಚಕ್ರವರ್ತಿಯವರ ಎರಡನೇ ಕಾಣ್ಕೆ.

1920ರಲ್ಲಿ ಅವರ ಪುಸ್ತಕ ಹೊರಬಂತು. ಭಾರತದ ಪರಿಸ್ಥಿತಿಗೆ ಹೊಂದುವ, ಆಚರಣೆಗೆ ತರಬಹುದಾದ ಕೃಷಿ ವಿಮೆ ಯೋಜನೆ ಎಂದೇ ಅದರ ತಲೆಬರಹ ಹೇಳುತ್ತಿತ್ತು. ಆದರೆ ಯೋಜನೆಗಳನ್ನು ಬೆನ್ನಟ್ಟಿ ಮಾಡಿಸುತ್ತಿದ್ದ ವಿಶ್ವೇಶ್ವರಯ್ಯ 1918ರ ಕೊನೆಗೇ ದಿವಾನಗಿರಿಯಿಂದ ಹೊರಬಂದಿದ್ದರು. ಪುಸ್ತಕ ಆಚರಣೆಗೆ ಬರಲಿಲ್ಲ, ಕಪಾಟು ಸೇರಿತು. ಬಾಗಿಲು ಮುಚ್ಚಿಕೊಂಡದ್ದು ಮುಕ್ಕಾಲು ಶತಮಾನ.

ಆಮೇಲೆ ನಡೆದದ್ದು ನೋವಿನ ಕತೆ. ಕೈಯಲ್ಲೇ ಇದ್ದ ಉತ್ತರವನ್ನು ದೇಶ ಮೊದಲಿನಿಂದ ಹುಡುಕತೊಡಗಿತು. 1947ರಲ್ಲಿ ಕೃಷಿ ಸಚಿವರಾಗಿದ್ದ ಬಾಬು ರಾಜೇಂದ್ರ ಪ್ರಸಾದರು ಬೆಳೆ ವಿಮೆಯನ್ನು ಪರಿಶೀಲಿಸುವುದಾಗಿ ಮಾತುಕೊಟ್ಟರು. ಅದಕ್ಕೆಂದೇ ನೇಮಕವಾದ ಜಿ.ಎಸ್. ಪ್ರಿಯೋಲ್ಕರ್ ಯೋಜನೆ ಸಿದ್ಧಮಾಡಿಕೊಟ್ಟರು. ರಾಜ್ಯಗಳು ಖರ್ಚಿಗೆ ಹೆದರಿ ಹಿಂದೆ ಸರಿದವು. 1965ರಲ್ಲಿ ಮಸೂದೆ ಬಂತು, ಅದೂ ಕೂತುಹೋಯಿತು. 1970ರಲ್ಲಿ ನೇಮಕವಾದ ಧರ್ಮನಾರಾಯಣ್ ನೇತೃತ್ವದ ತಜ್ಞರ ಸಮಿತಿ ಇದು ಸದ್ಯಕ್ಕೆ ಆಗದ ಕೆಲಸ ಎಂದಿತು.

ಆದರೂ ದೇಶ ಹಟ ಬಿಡಲಿಲ್ಲ. 1972-73ರಲ್ಲಿ ಗುಜರಾತಿನ ಎಚ್-4 ಹತ್ತಿಗೆ ವಿಮೆ ಶುರುವಾಯಿತು. ಮುಂದೆ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ, ಬೇರೆ ಬೆಳೆಗಳಿಗೆ ಹಬ್ಬಿತು. ಕ್ರಮ ಮಾತ್ರ ಹಳೆಯದೇ. ಒಬ್ಬೊಬ್ಬ ರೈತನ ಹೊಲ ನೋಡಿ ನಷ್ಟ ಕಟ್ಟಬೇಕು. 1978-79ರಲ್ಲಿ ಲೆಕ್ಕ ಮುಚ್ಚಿದಾಗ 3,110 ರೈತರಿಂದ ಬಂದ ಕಂತು 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ. ಮಿನಿಯಾಪೊಲಿಸ್ ಎಡವಿದ ಹೊಸ್ತಿಲಲ್ಲೇ ಭಾರತವೂ ಮುಗ್ಗರಿಸಿತು.

ಪುಣೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಈ ಸೋಲನ್ನು ಹತ್ತಿರದಿಂದ ನೋಡುತ್ತಿದ್ದರು. 1976ರಲ್ಲಿ ಅವರು ಬರೆದ ಪ್ರಬಂಧ ದಿಕ್ಕು ಬದಲಿಸಿತು. ರೈತನನ್ನು ಬಿಡಿ, ಪ್ರದೇಶವನ್ನು ಹಿಡಿಯಿರಿ ಎಂದರು. ಅವರ ಕೈಯಲ್ಲಿ ಚಕ್ರವರ್ತಿಯವರಿಗೆ ಸಿಗದಿದ್ದ ಇನ್ನೊಂದು ಅಳತೆಗೋಲಿತ್ತು. ಮಹಾಲನೋಬಿಸ್, ಸುಖಾತ್ಮೆ ಅವರಂಥ ಸಂಖ್ಯಾಶಾಸ್ತ್ರಜ್ಞರು ರೂಢಿಗೆ ತಂದ ಬೆಳೆ ಕಟಾವು ಪ್ರಯೋಗ ಅದು. ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವೇ ಹೊಲಗಳಲ್ಲಿ ಅಳತೆಯಷ್ಟು ಜಾಗ ಗುರುತಿಸಿ, ಕೊಯ್ದು, ಬಡಿದು, ಕಾಳು ತೂಗಿದರೆ ಇಡೀ ಪ್ರದೇಶದ ಇಳುವರಿ ಗೊತ್ತಾಗುತ್ತಿತ್ತು. 1979ರಲ್ಲಿ ಪ್ರಾಯೋಗಿಕ ಯೋಜನೆ, 1985ರಲ್ಲಿ ದೇಶವ್ಯಾಪಿ ಸಮಗ್ರ ಬೆಳೆ ವಿಮೆ ಯೋಜನೆ ಬಂದವು. ಆದರೆ 1985ರ ಯೋಜನೆ 1999ರಲ್ಲಿ ಮುಗಿಯುವ ಹೊತ್ತಿಗೆ ಕಂತು 404 ಕೋಟಿ ಬಂದಿದ್ದರೆ ಪರಿಹಾರ 2,303 ಕೋಟಿ ಹೋಗಿತ್ತು. ಕಟಾವು, ತೂಕ, ವರದಿ ಎಲ್ಲ ಮುಗಿದು ರೈತನ ಕೈಗೆ ಹಣ ಸೇರುವಷ್ಟರಲ್ಲಿ ಮುಂದಿನ ಬಿತ್ತನೆ ದಾಟಿಹೋಗಿರುತ್ತಿತ್ತು. ಪ್ರದೇಶ ಸಿಕ್ಕಿತ್ತು, ಮಳೆಮಾಪಕ ಇನ್ನೂ ಮರೆತೇ ಇತ್ತು.

ಇತ್ತ ಪಶ್ಚಿಮದ ಅರ್ಥಶಾಸ್ತ್ರಜ್ಞರು ಪ್ರದೇಶವಾರು ವಿಮೆಯ ಶ್ರೇಯವನ್ನು ಅಮೆರಿಕದ ಹೆರಾಲ್ಡ್ ಹಾಲ್‌ಕ್ರೋ ಅವರಿಗೆ ಸಲ್ಲಿಸುತ್ತಿದ್ದರು. ಅವರ ಲೇಖನ ಅಚ್ಚಾದದ್ದು 1949ರಲ್ಲಿ, ಮೈಸೂರಿನ ಪುಸ್ತಕಕ್ಕಿಂತ 29 ವರ್ಷ ತಡವಾಗಿ. 1985ರ ಯೋಜನೆ ನಡೆಯುತ್ತಿದ್ದ ಕಾಲದಲ್ಲೇ ಗುಜರಾತಿನ ಐಎಎಸ್ ಅಧಿಕಾರಿ ಪಿ.ಕೆ. ಮಿಶ್ರಾ ಭಾರತದ ಬೆಳೆ ವಿಮೆಯ ಮೇಲೆ ಸಂಶೋಧನೆಗೆ ಕೂತರು. 1920ರ ಆ ಪುಸ್ತಕಕ್ಕೆ ಕೊನೆಗೂ ಓದುಗರೊಬ್ಬರು ಸಿಕ್ಕರು. 1995ರಲ್ಲಿ ಮಿಶ್ರಾ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಲೇಖನ ಬರೆದು, ಮಳೆ ವಿಮೆ ಹೊಸ ಯೋಚನೆಯೇ ಎಂದು ಕೇಳಿ, ಚಕ್ರವರ್ತಿಯವರ ಯೋಜನೆಯನ್ನು ಬಿಡಿಸಿ ತೋರಿಸಿದರು. ಕಪಾಟಿನ ಬಾಗಿಲು ತೆರೆಯಿತು.

2003ರಲ್ಲಿ, ಆಗ ಆಂಧ್ರಕ್ಕೆ ಸೇರಿದ್ದ ಮಹಬೂಬ್‌ನಗರ ಜಿಲ್ಲೆಯಲ್ಲಿ ಬೇಸಿಕ್ಸ್ ಸಂಸ್ಥೆಯೂ ಐಸಿಐಸಿಐ ಲೊಂಬಾರ್ಡ್ ಕಂಪನಿಯೂ ಸೇರಿ ಸುಮಾರು 230 ಶೇಂಗಾ, ಹರಳು ಬೆಳೆಗಾರರಿಗೆ ಮಳೆ ವಿಮೆ ಮಾಡಿದವು. ವಿಶ್ವಬ್ಯಾಂಕಿನ ನೆರವು ಬೆನ್ನಿಗಿತ್ತು. ನೋಡಿದವರಿಗೆ ಇದು ಹೊಸ ಶತಮಾನದ ಹೊಸ ಪ್ರಯೋಗದಂತೆ ಕಾಣುವಂತಿತ್ತು. 2007ರ ಮುಂಗಾರಿನಲ್ಲಿ ಭಾರತೀಯ ಕೃಷಿ ವಿಮಾ ಕಂಪನಿ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗವನ್ನು ಕರ್ನಾಟಕದಲ್ಲೇ ಶುರುಮಾಡಿತು. 8 ಮಳೆಯಾಶ್ರಿತ ಬೆಳೆಗಳು ಅದರಲ್ಲಿದ್ದವು. ಯೋಚನೆ ತೊಂಬತ್ತೆರಡು ವರ್ಷ ಅಲೆದು ತವರಿಗೆ ಬಂದಿತ್ತು.

ಅಷ್ಟರಲ್ಲಿ ಅದು ಇನ್ನೊಂದು ಮಗ್ಗುಲಿಗೂ ಹೊರಳಿತು. ಬೇಲೂರು, ಸಕಲೇಶಪುರದ ಕಾಫಿ ಬೆಳೆಗಾರರ ಹೆದರಿಕೆ ಅರಸೀಕೆರೆಯವರದ್ದಕ್ಕಿಂತ ಬೇರೆ. ಬೇಸಿಗೆಯ ಹೂಮಳೆ ಬಾರದಿದ್ದರೆ ಮೊಗ್ಗು ಅರಳದೆ ಕರಟುತ್ತಿತ್ತು. ಅದರ ಬೆನ್ನಿಗೆ ಇನ್ನೊಂದು ಮಳೆ ಬೀಳದಿದ್ದರೆ ಅರಳಿದ ಹೂ ಕಾಯಿ ಕಟ್ಟುತ್ತಿರಲಿಲ್ಲ. ಇವೆರಡೂ ಸರಿಹೋದರೆ ಆಷಾಢ ಶ್ರಾವಣದ ಬಿಡದ ಮಳೆಗೆ ಕೊಳೆರೋಗ ಹತ್ತಿ ಕಾಯಿ ಉದುರುತ್ತಿತ್ತು. ಕಾಫಿ ಮಂಡಳಿಯೂ ಕೃಷಿ ವಿಮಾ ಕಂಪನಿಯೂ ಸೇರಿ ತಂದ ಮಳೆ ವಿಮೆಯಲ್ಲಿ ಮಳೆ ಕಡಿಮೆಯಾದದ್ದಕ್ಕೂ ಪರಿಹಾರ, ಹೆಚ್ಚಾದದ್ದಕ್ಕೂ ಪರಿಹಾರ. ಬರಕ್ಕೆಂದು ಹುಟ್ಟಿದ ಯೋಚನೆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದ್ದೇ ತಡ, ಅತಿವೃಷ್ಟಿಗೂ ಒದಗಿಬಂತು. 2007ರಲ್ಲೇ ಕೆರಿಬಿಯನ್ ದ್ವೀಪ ದೇಶಗಳು ಒಟ್ಟುಗೂಡಿ ಚಂಡಮಾರುತಕ್ಕೆ ಇಂಥದೇ ನಿಧಿ ಕಟ್ಟಿಕೊಂಡವು. 2024ರಲ್ಲಿ ನಾಗಾಲ್ಯಾಂಡ್ ಸರ್ಕಾರ ಇಡೀ ರಾಜ್ಯಕ್ಕೆ ಇದೇ ಜಾತಿಯ ವಿಮೆಯ ಒಪ್ಪಂದ ಮಾಡಿಕೊಂಡಿತು.

ಮನೆಗಳ ವಿಚಾರದಲ್ಲಿ ನಷ್ಟ ಎಷ್ಟೆಂಬ ಹಳೆಯ ಪ್ರಶ್ನೆ ಇನ್ನೂ ಜೀವಂತವಾಗಿತ್ತು. 2019ರ ಆಗಸ್ಟ್ ಪ್ರವಾಹದ ಮೇಲೆ ಕರ್ನಾಟಕ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿ, ಹಾನಿಯನ್ನು ಎ, ಬಿ, ಸಿ ಎಂದು ದರ್ಜೆ ಮಾಡಿತು. ಗೋಡೆ ಬಿರಿದ ಮನೆ ಬಿ ದರ್ಜೆಯೋ ಸಿ ದರ್ಜೆಯೋ ಎಂಬ ಜಗಳ ಎಂಟಾಣೆ ಆರಾಣೆಯ ಜಗಳದ ಮೊಮ್ಮಗುವೇ ಆಗಿತ್ತು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ತಂದಿತು. ಬೆಂಕಿ, ಭೂಕಂಪದ ಜೊತೆಗೆ ಪ್ರವಾಹ, ನೀರು ನುಗ್ಗುವಿಕೆ, ಭೂಕುಸಿತಕ್ಕೂ ಅದು ಅನ್ವಯಿಸಿತು. ಸ್ವಂತ ಮನೆಯವರು ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನಿಗೆ ಆ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಸಿಕ್ಕಿತು. ಬಾಡಿಗೆಯವರು ಬರೀ ಸಾಮಾನಿಗೆ ಮಾಡಿಸಿಕೊಳ್ಳುವಂತಾಯಿತು. ಮಾಲೀಕನ ವಿಮೆ ಅವರ ಫ್ರಿಜ್ಜು, ಬೀರು, ಹಾಸಿಗೆಗೆ ಬರುವಂಥದ್ದಲ್ಲ. ಮನೆಯ ನಷ್ಟ ಕಣ್ಣಿಗೆ ಕಾಣುವಂಥದ್ದು, ಆದ್ದರಿಂದ ಅಲ್ಲಿ ಸರ್ವೇಯರ್ ಬಂದು ನೋಡುವ ಕ್ರಮವೇ ಉಳಿಯಿತು.

ಮೈಸೂರಿನಲ್ಲಿ ಕಂಡುಕೊಂಡ ಉಪಾಯದ ತಿರುಳು ಹೆಚ್ಚೇನಲ್ಲ. ಒಂದು ಊರಿನ 40 ವರ್ಷದ ದಾಖಲೆಯಲ್ಲಿ 4 ಸಲ ಮಳೆ ಗೊತ್ತಾದ ಗೆರೆಗಿಂತ ಕೆಳಗೆ ಹೋಗಿದೆ ಎಂದುಕೊಂಡರೆ, ಅಪಾಯ ಹತ್ತಕ್ಕೊಂದು. ಅಂಥ ವರ್ಷ ಎಕರೆಗೆ 1,000 ರೂಪಾಯಿ ಕೊಡಬೇಕಾದರೆ ವರ್ಷದ ಕಂತು 100ಕ್ಕಿಂತ ಕಡಿಮೆ ಇರುವಂತಿಲ್ಲ, ಖರ್ಚು ಬೇರೆ. ಪರಿಶೀಲನೆಗೆ ಜನ ಬೇಕಿಲ್ಲ, ಸುಳ್ಳಿಗೆ ಜಾಗವಿಲ್ಲ, ಹಣ ಬೇಗ ಬರುತ್ತದೆ. ಇದಕ್ಕೆಲ್ಲ ತೆರಬೇಕಾದ ಬೆಲೆ ಮಳೆಮಾಪಕಕ್ಕೂ ಹೊಲಕ್ಕೂ ನಡುವಿನ ದೂರ. ಡಬ್ಬಿಯಲ್ಲಿ ಮಳೆ ಬಿದ್ದು ಹೊಲ ಒಣಗಿದವನಿಗೆ ಏನೂ ಸಿಗದು. ಆ ದೂರ ಕಡಿಮೆಯಾಗುವಂತೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದರಂತೆ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿತು. 15 ನಿಮಿಷಕ್ಕೊಮ್ಮೆ ಅವು ಮಳೆಯ ಲೆಕ್ಕ ಕಳಿಸತೊಡಗಿದವು. ಈಗ ಕರ್ನಾಟಕದಲ್ಲಿ ರಾಗಿಯ ನಷ್ಟವನ್ನು ಬೆಳೆ ಕಟಾವಿನ ತಕ್ಕಡಿ ಹೇಳುತ್ತದೆ, ಅಡಿಕೆ ಮತ್ತು ಮೆಣಸಿನದನ್ನು ಪಂಚಾಯಿತಿಯ ಮಳೆಮಾಪಕ ಹೇಳುತ್ತದೆ.